ಸುಂಕ ಏರಿಸಿದರೆ ಸ್ವದೇಶಿ ಕಾರು ಉಳಿದೀತೇ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ (ಲೋಹದ ಎರಕದ ಕಾರ್ಖಾನೆ) ಇದೆ. ನಾವು ಬಿಡಿಭಾಗ ಪೂರೈಸುವ ಸ್ವದೇಶಿ ಕಾರು ಕಂಪನಿ ವಿದೇಶಿ ಬ್ರ್ಯಾಂಡುಗಳ ಪೈಪೋಟಿಯಲ್ಲಿ ಸೋಲುತ್ತಿದೆ. ಆಮದು ಸುಂಕ ಏರಿಸಿದರೆ ಅದು ಚೇತರಿಸಿಕೊಳ್ಳುವುದೇ?

ಉತ್ತರ: ಬಜೆಟ್ ಹತ್ತಿರವಾದಂತೆಲ್ಲ ಈ ಪ್ರಶ್ನೆ ತಪ್ಪದೆ ಬರುತ್ತದೆ, ಇಲ್ಲ ಎಂದು ಬರೆದು ಬರೆದು ನನಗೆ ಬೇಸರ ಬಂದಿದೆ. ನಿಮ್ಮ ಕಂಪನಿಯ ಎದುರಾಳಿ ಬಂದರಿನಲ್ಲಿ ಇಳಿಯುವ ಕಾರಲ್ಲ. ಹುಂಡೈ 1998ರಿಂದ ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿ, ಕಿಯಾ 2019ರಿಂದ ಆಂಧ್ರದ ಪೆನುಕೊಂಡದ ಬಳಿ ಕಾರು ತಯಾರಿಸುತ್ತಿವೆ. ಹೊರಗಿನಿಂದ ಬರುವ ಸಿದ್ಧ ಕಾರಿನ ಸುಂಕ ಅವುಗಳ ಕೂದಲನ್ನೂ ಕೊಂಕಿಸದು. ದಶಕಗಳ ಕಾಲ ರಕ್ಷಣೆಯ ನೆರಳಿನಲ್ಲಿದ್ದ ಅಂಬಾಸಿಡರ್ ಆ ನೆರಳಿನಲ್ಲೇ ಬದಲಾಗುವುದನ್ನು ಮರೆಯಿತು. ಕೊನೆಯ ವರ್ಷದಲ್ಲಿ ಸುಮಾರು 2,200 ಕಾರುಗಳಷ್ಟೇ ಮಾರಾಟವಾಗಿ, 2014ರ ಮೇ ತಿಂಗಳಲ್ಲಿ ಅದನ್ನು ತಯಾರಿಸುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆ ನಿಂತಿತು. ಅತ್ತ ವಿದೇಶಿ ಎಂಬ ಕಾರಣಕ್ಕೆ ಯಾರೂ ಗೆದ್ದದ್ದೂ ಇಲ್ಲ: ಇಲ್ಲಿಯೇ ಕಾರ್ಖಾನೆಗಳಿದ್ದ ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು.

ಸೋಲುತ್ತಿರುವ ಬ್ರ್ಯಾಂಡು ಮೊದಲು ನಿರ್ಧರಿಸಬೇಕಾದದ್ದು ಯಾವ ಮಾದರಿಗಳನ್ನು ಕೈಬಿಡಬೇಕೆಂಬುದನ್ನು. ಎರಡನೆಯದು, ಗ್ರಾಹಕ ತಾನೇ ಬಾಯಿಬಿಟ್ಟು ಹೇಳಿಕೊಳ್ಳುವಂಥ ಒಂದು ಗುಣವನ್ನು ಕಾರಿಗೆ ಕೊಡುವುದು. 2018ರಲ್ಲಿ ಟಾಟಾ ನೆಕ್ಸಾನ್, ಕಾರನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಬಳಿಕ ಆ ಕಂಪನಿಗೆ ಮಾತಾಡಲು ಸುರಕ್ಷತೆಯೆಂಬ ಗಟ್ಟಿ ವಿಷಯ ಸಿಕ್ಕಿತು. ಮೂರನೆಯದು ಬಿಡಿಭಾಗ ಮತ್ತು ಸರ್ವಿಸ್; ಅದನ್ನು ಮುಂಬೈ, ದಿಲ್ಲಿಯ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಗೋಕಾಕದ ವ್ಯಾಪಾರಿಯೊಬ್ಬರ ಕಾರು ಒಂದು ಹೆಡ್‌ಲೈಟಿಗಾಗಿ ಬೆಳಗಾವಿಯ ಸರ್ವಿಸ್ ಸೆಂಟರಿನಲ್ಲಿ ಮೂರು ವಾರ ನಿಂತರೆ, ಅವರ ಓಣಿಯಲ್ಲಿ ಆ ಬ್ರ್ಯಾಂಡಿನ ಇನ್ನೊಂದು ಕಾರು ಬರುವುದಿಲ್ಲ; ಸೆಕೆಂಡ್ ಹ್ಯಾಂಡ್ ಬೆಲೆ ಬಿದ್ದ ಮೇಲೆ ಹೊಸ ಕಾರಿಗೆ ಎಷ್ಟು ರಿಯಾಯಿತಿ ಕೊಟ್ಟರೂ ಅದು ಗ್ರಾಹಕರಿಗೆ ಕಂಪನಿಯ ಗಾಬರಿಯಂತೆಯೇ ಕಾಣುತ್ತದೆ.

ಇನ್ನು ನಿಮ್ಮ ವಿಷಯ. ಕಂಪನಿ ಚೇತರಿಸಿಕೊಂಡರೂ ನೀವು ಉಳಿಯುವಿರೆಂದು ಭಾವಿಸಬೇಡಿ. 1999ರಲ್ಲಿ ಜಪಾನಿನ ಕಾರು ಕಂಪನಿ ನಿಸಾನ್ ಪ್ರಕಟಿಸಿದ ಪುನಶ್ಚೇತನ ಯೋಜನೆಯಲ್ಲಿ ಖರೀದಿ ವೆಚ್ಚವನ್ನು ಶೇ 20ರಷ್ಟು ಇಳಿಸುವುದು, 1,145ರಷ್ಟಿದ್ದ ಪೂರೈಕೆದಾರರನ್ನು 600ರ ಆಸುಪಾಸಿಗೆ ತರುವುದು ಸೇರಿತ್ತು. ಕಂಪನಿ ಲಾಭಕ್ಕೆ ಮರಳಿತು. ಹಣದ ವಿಷಯದಲ್ಲಿ ನಾನು ಪುಕ್ಕಲನೇ ಸರಿ, ಆದರೂ ಹೇಳುತ್ತೇನೆ: ನಿಮ್ಮ ವಹಿವಾಟಿನ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಒಬ್ಬರೇ ಗ್ರಾಹಕರಿಗೆ ಕಟ್ಟಿಹಾಕಬೇಡಿ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಸಲ್ಲಬೇಕೆಂಬ 2006ರ ಕಾಯ್ದೆಯನ್ನು ಸಂಕೋಚವಿಲ್ಲದೆ ನೆನಪಿಸಿ.

ಪ್ರಶ್ನೆ: ಬ್ರ್ಯಾಂಡಿನ ಹೆಸರಿಗೆ ಒಂದಕ್ಷರ ಸೇರಿಸಿ, ಲೋಗೋ ಪೂರ್ವಕ್ಕೆ ತಿರುಗಿಸಿದರೆ ಮಾರಾಟ ಏರುವುದೆಂದು ಸಂಖ್ಯಾಶಾಸ್ತ್ರಜ್ಞರು ಹೇಳಿದ್ದಾರೆ.

ಉತ್ತರ: ಏರುವುದು ಅವರ ಫೀಸು ಮಾತ್ರ.

ಪ್ರಶ್ನೆ: ಎಲೆಕ್ಟ್ರಿಕ್ ಕಾರು ಬಂದರೆ ಎರಕದ ಕೆಲಸವೇ ಮುಗಿಯಿತೇ?

ಉತ್ತರ: ಎಂಜಿನ್ ಬ್ಲಾಕಿನ ಕೆಲಸ ಇಳಿಯುತ್ತದೆ; ಬ್ರೇಕು, ಸಸ್ಪೆನ್ಶನ್ನಿನ ಭಾಗಗಳು ಆ ಕಾರಿಗೂ ಬೇಕು. ಅಲ್ಯೂಮಿನಿಯಂ ಎರಕ ಕಲಿಯದವರಷ್ಟೇ ಹೆದರಬೇಕು.