"ಯಾರ ಕಡೆಯಿಂದ ಬಂತು ಮೇಡಂ?"

ಡೊಂಬಿವಲಿಯ ಒಂದು ಕುಟುಂಬ. ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿದ್ದೇನೆ. ಮಗಳಿಗೆ 17 ವರ್ಷ. ಹತ್ತನೇ ಕ್ಲಾಸಿನ ರಜೆಯಲ್ಲಿ ಡಯಟ್ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಮುಟ್ಟು ನಿಂತಿತ್ತು. ಡಾಕ್ಟರು ಅನೊರೆಕ್ಸಿಯಾ ನರ್ವೋಸಾ, ಅಂದರೆ ದಪ್ಪಗಾಗುವ ಭಯದಿಂದ ಊಟವನ್ನೇ ಬಿಡುತ್ತಾ ಹೋಗುವ ಮಾನಸಿಕ ಕಾಯಿಲೆ ಎಂದು ಹೇಳಿ ಔಷಧೋಪಚಾರದ ಜೊತೆಗೆ ಸಲಹೆಗಾಗಿ ನನ್ನ ಹತ್ತಿರವೂ ಕಳಿಸಿದ್ದರು.

ಮೊದಲೆರಡು ಭೇಟಿಯಲ್ಲಿ ತಾಯಿ ತಲೆ ಎತ್ತಲಿಲ್ಲ. 'ನೀನೇ ಸಲುಗೆ ಕೊಟ್ಟು ಹಾಳು ಮಾಡಿದೆ' ಎಂದು ನೆಂಟರೆಲ್ಲ ಅಂದಿದ್ದರು. ಆ ಭಾರ ಇಳಿಸೋಣ ಅಂತ ಮೂರನೇ ಸಲ ನಾನು ಜೀನ್‌ಗಳ ಮಾತು ತೆಗೆದೆ. ಈ ಕಾಯಿಲೆ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದೇ ಇರುವುದಕ್ಕೆ ಸುಮಾರು ಅರ್ಧದಷ್ಟು ಕಾರಣ ಅನುವಂಶಿಕ ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ ಎಂದೆ.

ತಂದೆ ತಕ್ಷಣ ಕೇಳಿದರು. "ಯಾರ ಕಡೆಯಿಂದ ಬಂತು ಮೇಡಂ?" ಕೇಳುವಾಗ ನೋಡಿದ್ದು ಹೆಂಡತಿಯನ್ನು.

ಭಾರ ಇಳಿಸಲು ಹೋಗಿ ಇನ್ನೊಂದು ಕಲ್ಲು ಹೊರಿಸಿದ್ದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ತಾಯಿ ಮೆಲ್ಲಗೆ ಹೇಳಿದರು. "ನನ್ನ ತಂಗಿ ಹೀಗೇ ಇದ್ದಳು. ವಾರಕ್ಕೆ ನಾಲ್ಕು ದಿನ ಉಪವಾಸ, ಉಳಿದ ದಿನ ಒಂದು ಸೌಟು ಗಂಜಿ. ದೊಡ್ಡ ಭಕ್ತೆ ಅಂತ ಊರೆಲ್ಲ ಹೊಗಳುತ್ತಿತ್ತು. ತವರಿನ ಮೇಲೆ ಮಾತು ಬರುತ್ತೆ ಅಂತ ನಾನು ಇಲ್ಲಿ ಯಾರಿಗೂ ಹೇಳಲಿಲ್ಲ."

ಹುಡುಗಿ ತಟ್ಟನೆ ತಿರುಗಿದಳು. "ಚಿಕ್ಕಮ್ಮನಿಗೂ ಊಟ ಕಂಡರೆ ಭಯ ಆಗ್ತಿತ್ತಾ?" ತಾನಾಗಿ ಅವಳು ಕೇಳಿದ ಮೊದಲ ಪ್ರಶ್ನೆ ಅದು. ಹಿಂದೆಯೇ ಇನ್ನೊಂದು ಬಂತು. "ರಕ್ತದಲ್ಲೇ ಇದ್ರೆ ನನಗೆ ವಾಸಿ ಆಗಲ್ಲ ಅಲ್ವಾ?"

ಉಪವಾಸ ಮಾಡುವವರೆಲ್ಲ ರೋಗಿಗಳಲ್ಲ. ಆ ಚಿಕ್ಕಮ್ಮನನ್ನು ನಾನು ನೋಡಿಯೂ ಇಲ್ಲ. ತಂದೆಗೆ ಹೇಳಿದೆ: 2019ರಲ್ಲಿ ಸುಮಾರು 17 ಸಾವಿರ ರೋಗಿಗಳ ಡಿಎನ್‌ಎ ಪರೀಕ್ಷಿಸಿದಾಗ ಅದರಲ್ಲಿ ಈ ಕಾಯಿಲೆಗೆ ಸಂಬಂಧಪಟ್ಟ 8 ಜಾಗಗಳು ಸಿಕ್ಕವು. ಇನ್ನೂ ಎಷ್ಟೋ ಇವೆ. ಒಂದೊಂದರ ಪಾಲೂ ತೀರಾ ಚಿಕ್ಕದು. ಇಂಥ ನೂರಾರು ಚೂರುಗಳು ಅಪ್ಪ, ಅಮ್ಮ ಇಬ್ಬರಿಂದಲೂ ಬರುತ್ತವೆ. ಮಗಳಿಗೆ ಹೇಳಿದೆ: ನಿನಗೆ ಬಂದಿರುವುದು ಒಲವು ಮಾತ್ರ. ಹೊಟ್ಟೆಗೆ ಕಡಿಮೆ ಮಾಡಿದಾಗ ಅದಕ್ಕೆ ಕಿಡಿ ತಗುಲಿತು. ಊಟವೇ ನಿನ್ನ ಮೊದಲ ಔಷಧಿ. ಎಷ್ಟೋ ಜನ ಪೂರ್ತಿ ಗುಣವಾಗಿದ್ದಾರೆ.

ಸಲಹೆ ಕೊಟ್ಟಿದ್ದು ತಂದೆ ತಾಯಿ ಇಬ್ಬರಿಗೂ. ಮೂರು ಊಟ, ನಡುವೆ ತಿಂಡಿ. ಎಷ್ಟು ಬಡಿಸಬೇಕು ಅನ್ನುವುದನ್ನು ಸದ್ಯಕ್ಕೆ ನೀವೇ ತೀರ್ಮಾನಿಸಿ. ತಂದೆಯೂ ದಿನಕ್ಕೆ ಒಂದು ಹೊತ್ತಾದರೂ ಪಕ್ಕದಲ್ಲಿ ಕೂತು ಉಣ್ಣಬೇಕು. ಹೆತ್ತವರನ್ನು ದೂರ ಇಡದೆ ಅವರ ಕೈಯಿಂದಲೇ ಉಣ್ಣಿಸುವ ಈ ಕ್ರಮ ಲಂಡನ್ನಿನ ಮೌಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆದದ್ದು. ಇನ್ನೊಂದು ಮಾತು, ಹುಡುಗಿಯ 12 ವರ್ಷದ ತಂಗಿಯ ಬಗ್ಗೆ. ಅವಳೆದುರು ತೂಕದ ಮಾತು ಬೇಡ, ಉಪವಾಸ ಬೇಡ, ಸುಮ್ನೆ ತಮಾಷೆಗೂ 'ದಪ್ಪ' ಅನ್ನಬೇಡಿ. ಮನೆಯಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ ಒಡಹುಟ್ಟಿದವರಿಗೂ ಅಪಾಯ ಜಾಸ್ತಿ.

ಮನೆಯವರಿಗೆ ಜೀನ್ ವಿಷಯ ಹೇಳಬೇಡಿ, ಕೈಚೆಲ್ಲಿ ಕೂರುತ್ತಾರೆ ಎಂದು ಕೆಲವರು ನನಗೆ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹೇಳದೇ ಬಿಟ್ಟರೆ ಆ ಜಾಗದಲ್ಲಿ ತಾಯಿಯ ತಪ್ಪು ಬಂದು ಕೂರುತ್ತದೆ. ಆದರೆ ಈಗ ಜೀನ್ ಎನ್ನುವ ಪದಕ್ಕಿಂತ ಮೊದಲೇ 'ಎರಡೂ ಕಡೆಯಿಂದ' ಎನ್ನುತ್ತೇನೆ.

ಹುಡುಗಿಯ ತೂಕ ನಿಧಾನವಾಗಿ ಏರುತ್ತಿದೆ. ತಾಯಿ ಊರಿನಲ್ಲಿರುವ ತಮ್ಮ ತಂಗಿಗೆ ಫೋನ್ ಮಾಡಿ, ಡೊಂಬಿವಲಿಗೆ ಬಾ, ಇಲ್ಲಿ ಡಾಕ್ಟರಿಗೆ ತೋರಿಸೋಣ ಎಂದಿದ್ದಾರೆ. ಟಿಕೆಟ್ ತೆಗೆದುಕೊಟ್ಟಿದ್ದು ತಂದೆ.