ಹೊಂಗೆ ಎಣ್ಣೆಗೆ ಪಂಪ್‌ಸೆಟ್ ಸ್ಟಾರ್ಟ್ ಆಯಿತು, ಸರಿ. ಆಮೇಲೆ?

ಪ್ರಶ್ನೆ: ಗಾಣದ ಹೊಂಗೆ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ನೇರವಾಗಿ ಡೀಸೆಲ್ ಪಂಪ್‌ಸೆಟ್‌ಗೆ ಹಾಕಬಹುದಾ? ಪಕ್ಕದ ತೋಟದವರು ಹಾಕಿದ್ದಾರೆ, ಚೆನ್ನಾಗೇ ಓಡುತ್ತಿದೆ. ಮೊದಲ ಕಾಲದ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲೇ ಓಡಿತ್ತಂತೆ ಅಲ್ವಾ?

ಉತ್ತರ: ಹಾಕಬೇಡಿ. ಹೊಂಗೆ ಕಾಯಿ ಉದುರುವ ಕಾಲ ಬಂತು ಅಂದರೆ ಈ ಪ್ರಶ್ನೆಯೂ ಉದುರುತ್ತದೆ, ಜೊತೆಗೆ ಆ ಕಡಲೆಕಾಯಿ ಕಥೆಯೂ. ಕಥೆ ನಿಜವೇ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಆದರೆ ಪ್ರದರ್ಶನದಲ್ಲಿ ಓಡುವುದು ಬೇರೆ, ಬೇಸಿಗೆಯಿಡೀ ಅಡಿಕೆ ತೋಟಕ್ಕೆ ನೀರು ಎತ್ತುವುದು ಬೇರೆ.

ಹೊಂಗೆ ಎಣ್ಣೆ ಹೊತ್ತಿಕೊಳ್ಳುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಅದರಲ್ಲಿ ಜಾಸ್ತಿ ಇರುವುದು ಓಲಿಯಿಕ್ ಆಮ್ಲ ಎಂಬ ಕೊಬ್ಬಿನ ಆಮ್ಲದ ಉದ್ದನೆಯ ಇಂಗಾಲದ ಸರಪಳಿ. ಬಿಸಿ ಗಾಳಿಯ ಆಮ್ಲಜನಕ ಈ ಸರಪಳಿಗೆ ಅಂಟಿ ಪೆರಾಕ್ಸೈಡ್ ಎಂಬ ಬೇಗ ಒಡೆಯುವ ವಸ್ತು ಆಗುತ್ತದೆ, ಅದು ಒಡೆದು ಒಂದು ರ್‍ಯಾಡಿಕಲ್ (ಸಿಕ್ಕಿದ್ದಕ್ಕೆ ಅಂಟಿಕೊಳ್ಳುವ ಅಣುವಿನ ಚೂರು) ಇದ್ದ ಕಡೆ ಹಲವು ಹುಟ್ಟುತ್ತವೆ, ಅವು ಮತ್ತಷ್ಟು ಸರಪಳಿಗಳಿಗೆ ಬಾಯಿ ಹಾಕುತ್ತವೆ. ಬೆಂಕಿ ಹೀಗೆ ಶುರುವಾಗುತ್ತದೆ. ಸರಪಳಿಯಲ್ಲಿ ದ್ವಿಬಂಧ (ಎರಡು ಇಂಗಾಲಗಳ ನಡುವಿನ ಜೋಡಿ ಕೊಂಡಿ) ಹೆಚ್ಚಾದಷ್ಟೂ ಈ ಕೆಲಸ ನಿಧಾನ. ಓಲಿಯಿಕ್ ಆಮ್ಲದಿಂದ ಮಾಡಿದ, ಒಂದೇ ದ್ವಿಬಂಧದ ಮೀಥೈಲ್ ಓಲಿಯೇಟ್‌ನ ಸೀಟೇನ್ ಸಂಖ್ಯೆ (ಇಂಧನ ಎಷ್ಟು ಬೇಗ ತಾನಾಗಿ ಹೊತ್ತುತ್ತದೆ ಅನ್ನುವ ಅಳತೆ, ಹೆಚ್ಚಿದ್ದಷ್ಟೂ ಬೇಗ) 55ರ ಮೇಲಿದೆ, ಎರಡಿರುವ ಲಿನೋಲಿಯೇಟ್ 40ರ ಆಸುಪಾಸು, ಮೂರಿದ್ದರೆ 20ರ ಹತ್ತಿರ. ಬಂಕಿನ ಡೀಸೆಲ್‌ಗೆ ಕನಿಷ್ಠ 51 ಇರಬೇಕು. ಅಂದರೆ ಸರಿಯಾಗಿ ಮಾಡಿದ ಹೊಂಗೆ ಬಯೋಡೀಸೆಲ್ (ಎಣ್ಣೆಯನ್ನು ಬದಲಿಸಿ ಮಾಡಿದ ಇಂಧನ, ಹೇಗೆ ಅಂತ ಕೆಳಗಿದೆ) ಹೊತ್ತುವುದರಲ್ಲಿ ಡೀಸೆಲ್‌ಗೆ ಏನೂ ಕಡಿಮೆ ಇಲ್ಲ.

ತಕರಾರು ಇರುವುದು ಗ್ಲಿಸರಾಲ್, ಅಂದರೆ ಗ್ಲಿಸರಿನ್‌ನಲ್ಲಿ. ಹಸಿ ಎಣ್ಣೆಯಲ್ಲಿ ಇಂಥ ಮೂರು ಸರಪಳಿಗಳನ್ನು ಒಂದು ಗ್ಲಿಸರಾಲ್ ಒಟ್ಟಿಗೆ ಹಿಡಿದಿರುತ್ತದೆ. ಹಾಗಾಗಿ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ನಂಬಿಕೆ ಇಲ್ಲದಿದ್ದರೆ ಎಂಜಿನ್ ಒಳಗೆ ಇಂಧನ ಚಿಮ್ಮಿಸುವ ನಾಝಲ್ ಬಿಚ್ಚಿಸಿ, ಮೆಕ್ಯಾನಿಕ್ ಹತ್ತಿರ ಇರುವ ಕೈಪಂಪಿನ ಟೆಸ್ಟರ್‌ಗೆ ಹಾಕಿಸಿ ನೋಡಿ. ಡೀಸೆಲ್ ಕರ್ರ್ ಅಂತ ಸದ್ದು ಮಾಡಿ ಮಂಜಾಗಿ ಹಾರುತ್ತದೆ. ಹೊಂಗೆ ಎಣ್ಣೆ ಪಿಚಕಾರಿ ನೀರಿನ ಹಾಗೆ ದಾರವಾಗಿ ಬರುತ್ತದೆ, ಕೊನೆಗೆ ತುದಿಯಲ್ಲಿ ಒಂದು ಹನಿ ನೇತಾಡುತ್ತದೆ. ಆ ದಪ್ಪ ಹನಿ ಪೂರ್ತಿ ಆವಿಯಾಗುವುದಿಲ್ಲ, ಅರ್ಧ ಬೆಂದು ನಾಝಲ್ ತೂತಿನ ಸುತ್ತ ಕರ್ರಗೆ ಗಟ್ಟಿ ಮಸಿ ಕಟ್ಟುತ್ತದೆ. ಅದರಿಂದ ಸ್ಪ್ರೇ ಇನ್ನೂ ಕೆಡುತ್ತದೆ, ಪಿಸ್ಟನ್ ರಿಂಗ್ ಅಂಟಿಕೊಳ್ಳುತ್ತದೆ, ಉರಿಯದ ಎಣ್ಣೆ ಕೆಳಗಿಳಿದು ಎಂಜಿನ್ ಆಯಿಲನ್ನು ಅಂಟುಅಂಟಾಗಿಸುತ್ತದೆ. ಪಕ್ಕದ ತೋಟದವರ ಎಂಜಿನ್ ಇನ್ನೂ ಅಲ್ಲಿಗೆ ಬಂದಿಲ್ಲ, ಅಷ್ಟೆ.

ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್) ಸೇರಿಸಿ ಗ್ಲಿಸರಾಲ್ ಬೇರೆ ಮಾಡಿದರೆ ಬಯೋಡೀಸೆಲ್. ಹೊಂಗೆಯಲ್ಲಿ ಬಿಡಿ ಆಮ್ಲ (ಗ್ಲಿಸರಾಲ್ ಹಿಡಿತದಿಂದ ಬಿಡಿಯಾದ ಸರಪಳಿ) ಜಾಸ್ತಿ ಇರುವುದರಿಂದ ಮೊದಲು ಆಸಿಡ್ ಹಂತ, ಆಮೇಲೆ ಕ್ಷಾರದ ಹಂತ. ಮೊದಲನೆಯದನ್ನು ಬಿಟ್ಟರೆ ನಿಮಗೆ ಸಿಗುವುದು ಸೋಪು. ಯೂಟ್ಯೂಬ್ ನೋಡಿ ಬಕೆಟ್‌ನಲ್ಲಿ ಇದನ್ನು ಮಾಡಲು ಹೊರಟವರಿಗೆ ಒಂದೇ ಮಾತು: ಮೆಥನಾಲ್ ವಿಷ, ಅದರ ಬೆಂಕಿ ಹಗಲಲ್ಲಿ ಕಣ್ಣಿಗೇ ಕಾಣುವುದಿಲ್ಲ. ನಾನಂತೂ ಮನೆಯಲ್ಲಿ ಮಾಡಿ ಅಂತ ಯಾರಿಗೂ ಹೇಳುವುದಿಲ್ಲ. ತಯಾರಾದದ್ದನ್ನು ಕೊಂಡುಕೊಳ್ಳಿ, ಬಯೋಡೀಸೆಲ್ ಗುಣಮಟ್ಟದ ಭಾರತೀಯ ಮಾನದಂಡವಾದ ಐಎಸ್ 15607 ಪರೀಕ್ಷೆಯ ವರದಿ ಕೇಳಿ. ವರದಿ ಇಲ್ಲ, ಬಾಯಿಮಾತಿನ ಗ್ಯಾರಂಟಿ ಇದೆ ಅಂದರೆ ಕ್ಯಾನ್ ಅಲ್ಲೇ ಇಟ್ಟು ಬನ್ನಿ.

ಪ್ರಶ್ನೆ: ಬಯೋಡೀಸೆಲ್ ಬೇಗ ಬೆಂಕಿ ಹಿಡಿಯುತ್ತದಾ, ಶೆಡ್‌ನಲ್ಲಿ ಇಡಲು ಭಯ.

ಉತ್ತರ: ಉಲ್ಟಾ. ಚೆನ್ನಾಗಿ ತೊಳೆದ ಬಯೋಡೀಸೆಲ್‌ನ ಫ್ಲ್ಯಾಶ್ ಪಾಯಿಂಟ್ (ಆವಿ ಕಿಡಿಗೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ) 100 ಡಿಗ್ರಿಗಿಂತ ಮೇಲೆ. ಮೆಥನಾಲ್ ಉಳಿದಿದ್ದರೆ ಮಾತ್ರ ಭಯ ಪಡಿ.

ಪ್ರಶ್ನೆ: ಡೀಸೆಲ್ ಪೈಪಿಗೆ ಮ್ಯಾಗ್ನೆಟ್ ಕಟ್ಟಿದರೆ ಮೈಲೇಜ್ ಬರುತ್ತದಂತೆ?

ಉತ್ತರ: ಮಾರಿದವನಿಗೆ ಬರುತ್ತದೆ.

ಪ್ರಶ್ನೆ: ಪೆಟ್ರೋಲಿಗೆ ಬೆರೆಸುವ ಹಾಗೆ ಡೀಸೆಲ್‌ಗೂ ಎಥನಾಲ್ ಬೆರೆಸಿಕೊಳ್ಳಬಹುದಾ?

ಉತ್ತರ: ಬೇಡ. ಎಥನಾಲ್‌ನ ಸೀಟೇನ್ ಸಂಖ್ಯೆ ಹತ್ತನ್ನೂ ಮುಟ್ಟುವುದಿಲ್ಲ. ಹೊತ್ತಲು ತಡವಾಗುತ್ತದೆ, ಅಷ್ಟರಲ್ಲಿ ಒಳಗೆ ಸೇರಿದ ಇಂಧನವೆಲ್ಲ ಒಟ್ಟಿಗೆ ಉರಿದು ಎಂಜಿನ್ ಟಕಟಕ ಬಡಿಯುತ್ತದೆ. ಸ್ವಲ್ಪ ನೀರು ಸೇರಿದರೂ ಡೀಸೆಲ್ ಒಂದು ಕಡೆ, ಎಥನಾಲ್ ಒಂದು ಕಡೆ ಬೇರೆಯಾಗಿ ನಿಲ್ಲುತ್ತವೆ. ಈಗಾಗಲೇ ಬೆರೆಸಿದ್ದರೆ ಸ್ಟಾರ್ಟ್ ಮಾಡಬೇಡಿ, ಟ್ಯಾಂಕ್ ಖಾಲಿ ಮಾಡಿಸಿ.