ಯಾರ ಕಡೆಗೂ ಸೇರದ ಮೆಡಿಕ್

ಪತ್ರ: ಗೆಳೆಯರು ಸೇರಿ ಒಂದು ಮಲ್ಟಿಪ್ಲೇಯರ್ ಯುದ್ಧದ ಗೇಮ್ ಮಾಡುತ್ತಿದ್ದೇವೆ. ಎರಡು ಸೇನೆ, ನಡುವೆ ಒಂದು ಊರು. ಯಾರ ಕಡೆಗೂ ಸೇರದೆ ಗಾಯಾಳುಗಳನ್ನೆಲ್ಲ ನೋಡಿಕೊಳ್ಳುವ ಸಿವಿಲಿಯನ್ ಮೆಡಿಕ್‌ಗಳನ್ನು ಹಾಕೋಣ ಅಂದೆ. ಜೊತೆಯವರು ನಕ್ಕರು. ‘ಮೊದಲ ನಿಮಿಷಕ್ಕೇ ಅವರನ್ನ ಹೊಡೆದು ಹಾಕ್ತಾರೆ’ ಅಂತಾರೆ. ನೀವೇನು ಹೇಳುತ್ತೀರಿ?
– ಓದುಗ, ಗಂಗಾವತಿ

ಉತ್ತರ: ಹಾಕಿ. ಆದರೆ ನಿಮ್ಮ ಗೆಳೆಯರು ಸುಮ್ನೆ ನಕ್ಕಿಲ್ಲ.

ಸಂಜೆ ಇಲ್ಲಿ ಬಳ್ಳಾರಿಯಲ್ಲಿ ಯಾವುದಾದರೂ ಮಿರ್ಚಿ ಬಂಡಿ ಹತ್ತಿರ ನಿಂತು ನೋಡಿ. ಹುಡುಗರು ಮೊಬೈಲ್ ಅಡ್ಡ ಹಿಡಿದು ಬಿಜಿಎಂಐ ಅನ್ನುವ ಗುಂಡಿನ ಕಾಳಗದ ಗೇಮ್ ಆಡುತ್ತಿರುತ್ತಾರೆ. ‘ನಾಕ್ ಆದೆ, ರಿವೈವ್ ಮಾಡಲೇ!’ ಅಂತ ಒಬ್ಬ. ‘ತಡಿಯಲೇ, ಮೊದಲು ಸ್ಮೋಕ್ ಹಾಕ್ತೀನಿ’ ಅಂತ ಇನ್ನೊಬ್ಬ. ‘ನಾಕ್’ ಅಂದರೆ ಏಟು ತಿಂದು ಬೀಳುವುದು, ‘ರಿವೈವ್’ ಅಂದರೆ ಬಿದ್ದವನನ್ನು ಎಬ್ಬಿಸುವುದು. ಅದಕ್ಕೆ ಹೊಗೆ ಯಾಕೆ ಬೇಕು? ಬಿದ್ದವನನ್ನು ಎದುರಾಳಿ ಎಷ್ಟೋ ಸಲ ಬೇಕಂತಲೇ ಮುಗಿಸದೆ ಬಿಟ್ಟಿರುತ್ತಾನೆ. ಎಬ್ಬಿಸಲು ಬಂದು ಮಂಡಿಯೂರುವವನೇ ಅವನಿಗೆ ಬೇಕಾದ ಬೇಟೆ. ಈ ರೂಢಿ ಇರುವ ಕೈಗೆ ನಿಮ್ಮ ಮೆಡಿಕ್ ಸಿಗುತ್ತಾನೆ, ಅದನ್ನು ಮರೆಯಬೇಡಿ.

ಮೆಡಿಕ್‌ಗೆ ಗುಂಡೇ ತಾಗದ ಹಾಗೆ ಮಾಡೋಣ ಅಂತ ಯಾರಾದರೂ ಹೇಳಬಹುದು. ಬೇಡ. ಆಗ ಅವನು ನಡೆದಾಡುವ ಗೋಡೆ ಆಗ್ತಾನೆ, ಎಲ್ಲರೂ ಅವನ ಹಿಂದೆ ಅಡಗಿ ಗುಂಡು ಹಾರಿಸುತ್ತಾರೆ. ಗುಂಡು ತಾಗಲಿ. ತಾಗಿದ ಮೇಲೆ ಏನಾಗುತ್ತದೆ ಅನ್ನುವುದರ ಮೇಲೆ ತಲೆ ಓಡಿಸಿ.

ಹೊಡೆದವನ ತಂಡಕ್ಕೆ ಇನ್ನು ಚಿಕಿತ್ಸೆ ಇಲ್ಲ ಅನ್ನುವ ಶಿಕ್ಷೆ ಥಟ್ಟನೆ ಹೊಳೆಯುತ್ತದೆ. ಅದು ಸರಿಯಲ್ಲ. ನಿಜವಾದ ಮೆಡಿಕ್, ತನ್ನ ಕಡೆ ಗುರಿಯಿಟ್ಟವನು ಬಿದ್ದರೂ ಅವನ ಗಾಯಕ್ಕೆ ಪಟ್ಟಿ ಕಟ್ಟುತ್ತಾನೆ. ಯಾರ ಕಡೆಗೂ ಸೇರದವನು ಅಂದರೆ ಇದೇ ಅಲ್ವಾ? ನನ್ನ ಸಲಹೆ ಇಷ್ಟು: ಮೆಡಿಕ್‌ಗೆ ಏಟು ಬಿದ್ದರೆ ಮೆಡಿಕ್‌ಗಳು, ಅವರ ಆಂಬುಲೆನ್ಸು ಎಲ್ಲ ಮ್ಯಾಪಿನ ಆ ಭಾಗವನ್ನೇ ಬಿಟ್ಟು ಹೋಗಲಿ. ಎರಡೂ ಕಡೆಯವರಿಗೆ ನಷ್ಟ. ಆದರೂ ಎದುರಿನವರಿಗೂ ಚಿಕಿತ್ಸೆ ಸಿಗದಿರಲಿ ಅಂತ ಬೇಕಂತಲೇ ಹೊಡೆಯುವವರು ಹುಟ್ಟಿಕೊಳ್ಳುತ್ತಾರೆ. ಹಾಗಾಗಿ ಹೊಡೆದ ತಂಡದ ಪಾಯಿಂಟ್ಸನ್ನೂ ಜೋರಾಗಿಯೇ ಕತ್ತರಿಸಿ. ಆಗ ಗುಂಡು ಹಾರಿಸಿದವನಿಗೆ ಮೊದಲು ಬೈಯುವವರು ಅವನ ಜೊತೆಯವರೇ.

ಆ ಪಾತ್ರವನ್ನು ಮಾತ್ರ ಆಟಗಾರರ ಕೈಗೆ ಕೊಡಬೇಡಿ, ಕಂಪ್ಯೂಟರೇ ನಡೆಸಲಿ. ಕೊಟ್ಟರೆ ಒಬ್ಬ ಮೆಡಿಕ್ ವೇಷ ಹಾಕಿ ಶತ್ರುವಿನ ಜಾಗ ನೋಡಿಕೊಂಡು ಬಂದು ಗೆಳೆಯರಿಗೆ ಹೇಳುತ್ತಾನೆ. ಆ ವೇಷದ ಮರೆಯಲ್ಲಿ ಕೊಲ್ಲುವುದು ನಿಜವಾದ ಯುದ್ಧದಲ್ಲಿ ಅಪರಾಧ. ಯುದ್ಧದ ನಿಯಮಗಳ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಪ್ರೋಟೋಕಾಲ್ ಅದನ್ನು ಬಿಡಿಸಿ ಹೇಳುತ್ತದೆ. ಹೆಚ್ಚಿನ ಗೇಮುಗಳಲ್ಲಿ ‘ಮೆಡಿಕ್’ ಅಂದರೆ ಬಂದೂಕು ಹಿಡಿದ ಇನ್ನೊಬ್ಬ ಸೈನಿಕ, ಅಷ್ಟೇ. ನಿಮ್ಮದು ಬೇರೆ, ಹಾಗಾಗಿ ಇಷ್ಟು ಹೇಳಿದೆ.

ಇದು ಯಾರೂ ಮಾಡದ ಕೆಲಸವೇನಲ್ಲ. 2017ರಲ್ಲಿ ‘ಆರ್ಮಾ 3’ ಗೇಮಿಗೆ ‘ಲಾಸ್ ಆಫ್ ವಾರ್’ ಅನ್ನುವ ಹೆಚ್ಚುವರಿ ಭಾಗ ಬಂತು. ಅದರಲ್ಲಿ ಐಡಿಎಪಿ ಅನ್ನುವ ಕಲ್ಪಿತ ನೆರವು ಸಂಸ್ಥೆ ಇದೆ. ಆಟಗಾರ ಅದರ ಕಡೆಯಿಂದ ನೆಲಬಾಂಬುಗಳನ್ನು ತೆಗೆಯುತ್ತಾನೆ. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಇದಕ್ಕೆ ಕೈಜೋಡಿಸಿತ್ತು. ಇದೇ ಸಮಿತಿಯ ಪ್ರತಿನಿಧಿಗಳು 1917ರಲ್ಲಿ ನಮ್ಮ ಬಳ್ಳಾರಿಗೂ ಬಂದಿದ್ದರು, ಇಲ್ಲಿನ ಶಿಬಿರದಲ್ಲಿದ್ದ ತುರ್ಕಿ ಯುದ್ಧ ಕೈದಿಗಳ ಸ್ಥಿತಿ ನೋಡಲು. ಗೇಮಿಗೂ ಇದಕ್ಕೂ ಸಂಬಂಧವಿಲ್ಲ, ನೆನಪಾಯಿತು, ಬರೆದೆ.

ಕೊನೆಗೆ, ನೀವು ಕೇಳದೇ ಇದ್ದ ಒಂದು ವಿಷಯ. ಮೆಡಿಕ್ ಜಾಕೆಟ್ ಮೇಲೆ ಬಿಳಿ ಹಿನ್ನೆಲೆಯ ಕೆಂಪು ಶಿಲುಬೆ ಬರೆಯಬೇಡಿ. ಅದು ಆಸ್ಪತ್ರೆಗಳಿಗೆಲ್ಲ ಸೇರಿದ ಗುರುತಲ್ಲ, ರೆಡ್ ಕ್ರಾಸ್ ಗುರುತು. ನಮ್ಮಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಸರ್ಕಾರದ ಒಪ್ಪಿಗೆಯಿಲ್ಲದೆ ಅದನ್ನು ಬಳಸುವಂತಿಲ್ಲ. ‘ಪ್ರಿಸನ್ ಆರ್ಕಿಟೆಕ್ಟ್’ ಗೇಮಿನ ಆಂಬುಲೆನ್ಸ್ ಮೇಲೆ ಈ ಗುರುತಿದೆ ಅಂತ ಬ್ರಿಟಿಷ್ ರೆಡ್ ಕ್ರಾಸ್ ಆಕ್ಷೇಪ ಎತ್ತಿತ್ತು. ಗೇಮ್ ಮಾಡಿದವರು ಬಣ್ಣವನ್ನು ಹಸಿರಿಗೆ ಬದಲಿಸಿದರು. ನಿಮ್ಮ ಸಂಸ್ಥೆಗೆ ಹೆಸರು, ಗುರುತು ಎರಡನ್ನೂ ನೀವೇ ಹುಟ್ಟಿಸಿ. ಆಟದ ನಡುವೆ ದೂರದಿಂದಲೇ ಕಣ್ಣಿಗೆ ಹೊಡೆಯುವ ಬಣ್ಣ ಆರಿಸಿ. ‘ಗೊತ್ತಾಗಲಿಲ್ಲ, ಅದಕ್ಕೇ ಹೊಡೆದೆ’ ಅನ್ನಲು ಯಾರಿಗೂ ದಾರಿ ಇರಬಾರದು.
– ಸಂಪಾದಕ